ನಾಪತ್ತೆ ಪ್ರಕರಣದ ಕಾನೂನು ಊಹಾಪೋಹಗಳನ್ನು ತಾಳೆ ಹಾಕಿ ನೋಡುವ ಬಗೆ

ಹೆಸರಾಂತರೊಬ್ಬರು ಕಾಣೆಯಾದ ಸುದ್ದಿ ಹಬ್ಬಿದರೆ ಊರಿಗೆ ಊರೇ ವಕೀಲಿಕೆಗೆ ಇಳಿಯುತ್ತದೆ. ಎಫ್‌ಐಆರ್‌ನಲ್ಲಿ ಕೊಲೆಯ ಕಲಂ ಏಕಿಲ್ಲ, ಗಂಡನನ್ನು ಇನ್ನೂ ಏಕೆ ಬಂಧಿಸಿಲ್ಲ, ಮಂಪರು ಪರೀಕ್ಷೆ ಮಾಡಿಸಿದರೆ ಒಂದೇ ದಿನದಲ್ಲಿ ಸತ್ಯ ಹೊರಬೀಳುವುದಿಲ್ಲವೆ, ಶವ ಸಿಗದಿದ್ದರೆ ಯಾರಿಗೂ ಶಿಕ್ಷೆಯಾಗುವುದಿಲ್ಲವಂತೆ ಎಂಬಂಥ ಮಾತುಗಳು ಚಹಾ ಅಂಗಡಿಯಿಂದ ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಹರಿದಾಡುತ್ತವೆ. ಇಂಥ ಕುತೂಹಲವನ್ನು ನಾನು ತಪ್ಪೆನ್ನುವುದಿಲ್ಲ. ಜನರ ಕಣ್ಣು ಬೀಳದಿದ್ದರೆ ಠಾಣೆಯ ಕಪಾಟಿನಲ್ಲೇ ಉಳಿದುಬಿಡುತ್ತಿದ್ದ ದೂರುಗಳೂ ಇವೆ. ಆದರೆ ಈ ಚರ್ಚೆಯ ಬಹುಪಾಲು ಒಂದೇ ಕಾರಣಕ್ಕೆ ದಾರಿ ತಪ್ಪುತ್ತದೆ: ಕಡತ ಈಗ ಯಾವ ಹಂತದಲ್ಲಿದೆ ಎಂಬುದನ್ನು ನೋಡದೆ, ವಿಚಾರಣೆಯ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ದೂರು ದಾಖಲಾದ ದಿನವೇ ಕೇಳಲಾಗುತ್ತದೆ. ಆ ಹಂತವನ್ನು ಗುರುತಿಸಿಕೊಂಡು, ಕಿವಿಗೆ ಬಿದ್ದ ಮಾತನ್ನು ಅದರ ಎದುರಿಗಿಟ್ಟು ನೋಡುವುದು ಹೇಗೆ ಎಂಬುದನ್ನು ಈ ಬರಹ ವಿವರಿಸುತ್ತದೆ.

ಉದಾಹರಣೆಗೆ ಬೆಂಗಳೂರಿನದೇ ಒಂದು ಪ್ರಕರಣವನ್ನು ತೆಗೆದುಕೊಳ್ಳೋಣ. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಇತ್ಯರ್ಥವಾಗಿರುವುದರಿಂದ ಯಾರ ಮೇಲೂ ಹೊಸದಾಗಿ ಶಂಕೆ ಹೊರಿಸುವ ಭಯವಿಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಅವರು ರಿಚ್ಮಂಡ್ ರಸ್ತೆಯ ತಮ್ಮ ಮನೆಯಿಂದ 1991ರ ಮೇ ತಿಂಗಳ ಕೊನೆಯಲ್ಲಿ ಕಣ್ಮರೆಯಾದರು. ಮೊದಲ ಮದುವೆಯ ವಿಚ್ಛೇದನದ ಬಳಿಕ 1986ರಲ್ಲಿ ಅವರು ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನಿಂದ ಪರಿಚಿತನಾಗಿದ್ದ ಮುರಳಿ ಮನೋಹರ ಮಿಶ್ರಾನನ್ನು ವಿವಾಹವಾಗಿದ್ದರು. ತಾಯಿ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಆತನಿಂದ ಬೇರೆ ಬೇರೆ ಉತ್ತರ ಬರುತ್ತಿತ್ತು. ಮಗಳು 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಕೊಟ್ಟರು. 1994ರ ಮಾರ್ಚ್‌ನಲ್ಲಿ ತನಿಖೆ ಕೇಂದ್ರ ಅಪರಾಧ ವಿಭಾಗದ ಕೈಗೆ ಬಂತು. ಅದೇ ತಿಂಗಳ ಕೊನೆಯಲ್ಲಿ, ಕಾಣೆಯಾದವರು ವಾಸವಾಗಿದ್ದ ಆ ಮನೆಯ ಹಿಂದಿನ ಅಂಗಳವನ್ನು ಅಗೆಸಿದಾಗ ಮರದ ಪೆಟ್ಟಿಗೆಯೊಂದರಲ್ಲಿ ಅವರ ಅವಶೇಷ ಸಿಕ್ಕಿತು.

ಕಡತಕ್ಕೆ ಇರುವ ಹೆಸರನ್ನು ಮೊದಲು ಕೇಳಿ

ಯಾರೋ ಕಾಣೆಯಾಗಿದ್ದಾರೆ ಎಂದು ಕರ್ನಾಟಕದ ಠಾಣೆಯಲ್ಲಿ ದೂರು ಕೊಟ್ಟರೆ ಅದು ‘ಮನುಷ್ಯ ಕಾಣೆ’, ‘ಹೆಂಗಸು ಕಾಣೆ’, ‘ಹುಡುಗಿ ಕಾಣೆ’ ಎಂಬ ತಲೆಬರಹದಲ್ಲಿ ದಾಖಲಾಗುತ್ತದೆ. ವಯಸ್ಕರೊಬ್ಬರು ಮನೆ ಬಿಟ್ಟು ಹೋಗುವುದು ತನ್ನಷ್ಟಕ್ಕೆ ಅಪರಾಧವಲ್ಲದ ಕಾರಣ, ಅಪಹರಣದ ಅಥವಾ ಕೊಲೆಯ ಸುಳಿವು ದೂರಿನಲ್ಲೇ ಇಲ್ಲದಿದ್ದರೆ ಆ ಕಲಮುಗಳು ಮೊದಲ ದಿನ ಕಾಣಿಸುವುದಿಲ್ಲ. ಹಾಗಾಗಿ ‘ಕೊಲೆ ಕೇಸೇ ಹಾಕಿಲ್ಲ, ಎಲ್ಲ ಮುಚ್ಚಿಹಾಕುತ್ತಿದ್ದಾರೆ’ ಎಂಬ ಮಾತು ಕೇಳಿಬಂದರೆ, ತನಿಖೆ ಮುಂದುವರಿದಂತೆ ಕಲಂ ಸೇರಿಸಲು ನ್ಯಾಯಾಲಯಕ್ಕೆ ಕೋರಿಕೆ ಸಲ್ಲಿಸುವ ಪದ್ಧತಿ ಇದೆ ಎಂಬುದನ್ನು ನೆನಪಿಡಬೇಕು. ಕಾಣೆಯಾದವರು ಮಕ್ಕಳಾಗಿದ್ದರೆ ಮಾತ್ರ ಲೆಕ್ಕ ಬೇರೆ. ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣ ಅಥವಾ ಸಾಗಣೆ ನಡೆದಿದೆ ಎಂದೇ ಭಾವಿಸಿ ತನಿಖೆ ಆರಂಭಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಆದೇಶಿಸಿದೆ. ಇನ್ನು, 24 ಗಂಟೆ ಕಳೆಯದೆ ದೂರು ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. ಅದು ಎಲ್ಲಿಂದ ಬಂತೋ, ಠಾಣೆಯ ಬಾಗಿಲಲ್ಲೂ ಆಗಾಗ ಕೇಳಿಬರುತ್ತದೆ.

ಶವ ಸಿಕ್ಕಿ, ಸಾವಿನ ಕಾರಣ ತಿಳಿಯದಿದ್ದಾಗ ‘ಅಸ್ವಾಭಾವಿಕ ಮರಣ’ ಪ್ರಕರಣ ದಾಖಲಾಗುತ್ತದೆ. ಪೊಲೀಸರ ಬಾಯಲ್ಲಿ ಅದು ಯುಡಿಆರ್. ಕೊಲೆಯಲ್ಲ ಎಂದು ತೀರ್ಮಾನಿಸಿದ್ದಾರೆ ಎಂದು ಇದರ ಅರ್ಥವಲ್ಲ. ಕಾರಣ ಇನ್ನೂ ಗೊತ್ತಾಗಬೇಕಿದೆ ಎಂದಷ್ಟೇ ಅರ್ಥ. ತನಿಖೆ ಮುಗಿದ ಮೇಲೆ ಬರುವ ಬಿ ರಿಪೋರ್ಟ್ ಮತ್ತು ಸಿ ರಿಪೋರ್ಟ್‌ಗಳನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ದೂರಿನಲ್ಲಿ ಹುರುಳಿಲ್ಲ ಎನ್ನುವುದು ಬಿ ರಿಪೋರ್ಟ್. ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಎನ್ನುವುದು ಸಿ ರಿಪೋರ್ಟ್. ಬಿ ರಿಪೋರ್ಟ್ ಬಂದರೂ ದೂರುದಾರರು ನ್ಯಾಯಾಲಯದಲ್ಲಿ ತಕರಾರು ಸಲ್ಲಿಸಬಹುದು, ಅದನ್ನು ಒಪ್ಪದಿರುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ಇದನ್ನೆಲ್ಲ ನೀವೇ ನೋಡಿಕೊಳ್ಳಬಹುದು. ಸೂಕ್ಷ್ಮ ಸ್ವರೂಪದವನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ನ್ಯಾಯಾಲಯದಲ್ಲಿ ಪ್ರಕರಣ ಯಾವ ದಿನಕ್ಕೆ ನಿಗದಿಯಾಗಿದೆ, ಹಿಂದಿನ ದಿನ ಏನು ಆದೇಶವಾಯಿತು ಎಂಬುದು ಇ-ಕೋರ್ಟ್ಸ್ ತಾಣದಲ್ಲಿ ಸಿಗುತ್ತದೆ. ದೋಷಾರೋಪ ಪಟ್ಟಿ ಮಾತ್ರ ಹಾಗೆ ಸಿಗುವುದಿಲ್ಲ. ಅದನ್ನು ಎಲ್ಲರಿಗೂ ತೆರೆದಿಡಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಳ್ಳಿಹಾಕಿದೆ. ಆದ್ದರಿಂದ ‘ದೋಷಾರೋಪ ಪಟ್ಟಿಯ ಸ್ಫೋಟಕ ವಿವರ’ ಎಂದು ಬರುವ ಸುದ್ದಿಯನ್ನು ಓದುವಾಗ, ಯಾರೋ ಆಯ್ದು ಕೊಟ್ಟ ಪುಟಗಳನ್ನು ನಾವು ಓದುತ್ತಿದ್ದೇವೆ ಎಂಬ ಎಚ್ಚರ ಇರಬೇಕು.

ಕಲಂ ಸಂಖ್ಯೆಯ ವಿಷಯದಲ್ಲಿ ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂದವು. ಅದಕ್ಕೂ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಹತ್ತು ವರ್ಷದ ಹಿಂದಿನ ಕಣ್ಮರೆಯ ಕಡತ ಇಂದು ತೆರೆದುಕೊಂಡರೂ ಕೊಲೆಗೆ 302ನೇ ಕಲಮೇ ಹೊರತು 103 ಅಲ್ಲ. ‘ತಪ್ಪು ಸೆಕ್ಷನ್ ಹಾಕಿ ಕೇಸು ದುರ್ಬಲಗೊಳಿಸಿದ್ದಾರೆ’ ಎಂಬ ಆರೋಪ ಎಷ್ಟೋ ಸಲ ಇಲ್ಲಿಂದಲೇ ಹುಟ್ಟುತ್ತದೆ.

ನೋಟಿಸು, ಬಂಧನ ಮತ್ತು ‘ತಪ್ಪೊಪ್ಪಿಕೊಂಡ’ ಎಂಬ ಶೀರ್ಷಿಕೆ

‘ಇಂಥವರಿಗೆ ನೋಟಿಸ್’ ಎಂಬ ಸುದ್ದಿ ಬಂದ ಕೂಡಲೇ ಜನ ಅವರನ್ನು ಆರೋಪಿ ಎಂದು ಕರೆಯತೊಡಗುತ್ತಾರೆ. ನೋಟಿಸು ಯಾವ ಕಲಮಿನಡಿ ಎಂಬುದೊಂದನ್ನು ಕೇಳಿದರೆ ಅರ್ಧ ಗೊಂದಲ ತೀರುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಕರೆಸಿದ್ದರೆ ಅವರು ಸಾಕ್ಷಿ, ಅಂದರೆ ವಿಷಯ ತಿಳಿದಿರಬಹುದಾದವರು. 35ನೇ ಕಲಮಿನ ಮೂರನೇ ಉಪಕಲಂ ಪ್ರಕಾರವಾದರೆ ಅವರ ಮೇಲೆ ದೂರು ಅಥವಾ ಶಂಕೆ ಇದೆ, ಆದರೆ ಸದ್ಯಕ್ಕೆ ಬಂಧನ ಬೇಕಿಲ್ಲ ಎಂದರ್ಥ. ಅಮೆರಿಕದ ಪ್ರಕರಣಗಳ ವರದಿಯಿಂದ ನಮ್ಮ ಚರ್ಚೆಗೂ ನುಸುಳಿರುವ ‘ಪರ್ಸನ್ ಆಫ್ ಇಂಟರೆಸ್ಟ್’, ಅಂದರೆ ಪೊಲೀಸರ ಗಮನದಲ್ಲಿರುವ ವ್ಯಕ್ತಿ ಎಂಬ ಅಂತಸ್ತು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಈಗ ರಿಚ್ಮಂಡ್ ರಸ್ತೆಗೆ ಮರಳೋಣ, ಏಕೆಂದರೆ ತಪ್ಪೊಪ್ಪಿಗೆಯ ವಿಷಯವನ್ನು ಅದಕ್ಕಿಂತ ಚೆನ್ನಾಗಿ ತಿಳಿಸುವ ಪ್ರಕರಣ ನನಗೆ ತೋಚುವುದಿಲ್ಲ. ಪೊಲೀಸರೆದುರು ‘ನಾನೇ ಕೊಂದೆ’ ಎಂದು ಹೇಳಿದ ಮಾತು ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25 ಮತ್ತು 26ನೇ ಕಲಮುಗಳು ಇದನ್ನು ಹೇಳುತ್ತಿದ್ದವು, ಈಗಿನ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಆದರೆ ಅದಕ್ಕೊಂದು ಹೊರತಿದೆ. ಪೊಲೀಸ್ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಅದುವರೆಗೆ ಯಾರಿಗೂ ತಿಳಿಯದಿದ್ದ ಸಂಗತಿಯೊಂದು ಬೆಳಕಿಗೆ ಬಂದರೆ, ಆ ಸಂಗತಿಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಅಂಗಳದ ಕಲ್ಲುಹಾಸಿನ ಕೆಳಗೆ ಪೆಟ್ಟಿಗೆ ಇದೆ ಎಂದು ತೋರಿಸಿದ್ದು ಈ ಹೊರತಿನೊಳಗೆ ಬರುತ್ತದೆ. ಹೀಗಾಗಿ ‘ಪೊಲೀಸರೆದುರು ಒಪ್ಪಿಕೊಂಡಿದ್ದಾನೆ, ಇನ್ನೇನು ಬೇಕು’ ಎನ್ನುವವರೂ ತಪ್ಪು, ‘ಪೊಲೀಸರೆದುರು ಹೇಳಿದ್ದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ’ ಎನ್ನುವವರೂ ತಪ್ಪು. ಏನು ಹೇಳಿದ ಎನ್ನುವುದಕ್ಕಿಂತ, ಹೇಳಿದ ಮೇಲೆ ಪಂಚರ ಸಮಕ್ಷಮ ಏನು ಸಿಕ್ಕಿತು, ಮಹಜರಿನಲ್ಲಿ ಅದು ಹೇಗೆ ದಾಖಲಾಗಿದೆ ಎಂಬುದು ಮುಖ್ಯ. ಈ ಪ್ರಕರಣದಲ್ಲಿ ಅವಶೇಷ ಹೊರತೆಗೆದ ಕೆಲಸವನ್ನು ವಿಡಿಯೊ ಮಾಡಲಾಗಿತ್ತು. ಮೈಮೇಲಿನ ಬಳೆ, ಉಂಗುರಗಳನ್ನು ಮನೆಯವರು ಗುರುತಿಸಿದರು. ಡಿಎನ್‌ಎ ಪರೀಕ್ಷೆ ಮತ್ತು ತಲೆಬುರುಡೆಯನ್ನು ಭಾವಚಿತ್ರದೊಂದಿಗೆ ಹೊಂದಿಸಿ ನೋಡುವ ಪರೀಕ್ಷೆ ಎರಡೂ ನಡೆದವು.

ಕೃತ್ಯವನ್ನು ಕಣ್ಣಾರೆ ಕಂಡವರಿರಲಿಲ್ಲ. ಹಾಗಾದರೆ ಶಿಕ್ಷೆ ಹೇಗಾಯಿತು? ಸಾಂದರ್ಭಿಕ ಸಾಕ್ಷ್ಯದ ಕೊಂಡಿಗಳು ಒಂದಕ್ಕೊಂದು ಸೇರಿದ್ದರಿಂದ. ಪೆಟ್ಟಿಗೆ ಮಾಡಿಸಿದ್ದು, ಅಂಗಳದಲ್ಲಿ ಗುಂಡಿ ತೋಡಿಸಿದ್ದು, ಹೆಂಡತಿ ಎಲ್ಲಿ ಎಂಬ ಪ್ರಶ್ನೆಗೆ ಆತ ಕೊಟ್ಟ ಸುಳ್ಳು ಉತ್ತರಗಳು, ಎಲ್ಲಕ್ಕಿಂತ ಮಿಗಿಲಾಗಿ ಆಸ್ತಿಯ ವ್ಯವಹಾರ. ಶಾಕೆರೆ ಬರೆದುಕೊಟ್ಟಿದ್ದ ಅಧಿಕಾರ ಪತ್ರವನ್ನು ಇಟ್ಟುಕೊಂಡು ಆತ ಅವರು ಕಣ್ಮರೆಯಾದ ನಂತರವೂ ನಿವೇಶನಗಳನ್ನು ಮಾರಿದ. ಬರೆದುಕೊಟ್ಟವರು ಸತ್ತ ಕ್ಷಣಕ್ಕೆ ಜನರಲ್ ಪವರ್ ಆಫ್ ಅಟಾರ್ನಿ ಸತ್ತಂತೆ. ಅದನ್ನು ಬಳಸಿ ಕ್ರಯಪತ್ರ ಮಾಡಿಕೊಡುವ ಪ್ರತಿ ಸಲವೂ ‘ಆಕೆ ಬದುಕಿದ್ದಾರೆ’ ಎಂದು ಉಪನೋಂದಣಾಧಿಕಾರಿಯ ಮುಂದೆ ಸಾರಿದಂತೆ. ಕಾಣೆಯಾದವರ ಆಸ್ತಿಯ ಬಗ್ಗೆ ಹಬ್ಬುವ ಗಾಳಿಮಾತನ್ನು ಪರೀಕ್ಷಿಸಬೇಕಾದರೆ ನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಯಾರಿಗಾದರೂ ಸಿಗುವ ದಾಖಲೆ. ನೂರು ಊಹೆಗಿಂತ ಅದರ ಒಂದು ದಿನಾಂಕ ಹೆಚ್ಚು ಮಾತಾಡುತ್ತದೆ.

ಇದೇ ಮಾತುಗಳನ್ನು 1992ರಲ್ಲಿ ಯಾರಾದರೂ ಆಡಿದ್ದರೆ? ಗಂಡನೇ ಕೊಂದಿರಬೇಕು ಎಂದು ಆಗ ಹೇಳಿದವರ ಊಹೆ ಮುಂದೆ ನಿಜವಾಯಿತೆಂದ ಮಾತ್ರಕ್ಕೆ ಆ ದಿನ ಅದು ಕಾನೂನಿನ ಕಣ್ಣಿಗೆ ಸಾಕ್ಷ್ಯವಾಗಿರಲಿಲ್ಲ. ಆಗ ನ್ಯಾಯವಾಗಿ ಕೇಳಬಹುದಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ಗಂಡ ಹೇಳಿದ ಊರಿಗೆ, ಆಸ್ಪತ್ರೆಗೆ ಆಕೆ ಹೋಗಿದ್ದಾರೆಯೇ ಎಂದು ಯಾರಾದರೂ ವಿಚಾರಿಸಿದ್ದಾರೆಯೇ? ಜನರ ಒತ್ತಡಕ್ಕೆ ಬೆಲೆ ಬರುವುದು ಇಂಥ ಪ್ರಶ್ನೆಯ ಬೆನ್ನು ಹತ್ತಿದಾಗ. ವಿಚಾರಣಾ ನ್ಯಾಯಾಲಯ 2005ರಲ್ಲಿ ಮರಣದಂಡನೆ ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು, 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಭಿನ್ನಮತ ಬಂತು; ಕೊನೆಗೆ 2008ರ ಜುಲೈ 22ರಂದು ಮೂವರ ಪೀಠವು ಕ್ಷಮಾದಾನದ ಕಡಿತವಿಲ್ಲದೆ ಜೀವಮಾನವಿಡೀ ಸೆರೆವಾಸ ಎಂದು ತೀರ್ಮಾನಿಸಿತು. ಮರಣದಂಡನೆ ವಿಧಿಸಬೇಕೇ ಎಂಬುದರಲ್ಲಿ ನ್ಯಾಯಮೂರ್ತಿಗಳಿಗೇ ಒಮ್ಮತವಿರಲಿಲ್ಲವೆಂದ ಮೇಲೆ, ಟೀವಿಯ ಮುಂದೆ ಕುಳಿತು ಗಲ್ಲಿನ ತೀರ್ಪು ಕೊಡುವ ಅವಸರ ನಮಗೇಕೆ?

ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳು

‘ಶವ ಇಲ್ಲದೆ ಕೊಲೆ ಸಾಬೀತಾಗುವುದಿಲ್ಲ’ ಎಂಬುದು ಇವುಗಳಲ್ಲೆಲ್ಲ ಹಳೆಯದು. ಶವ ಸಿಗದಿದ್ದರೂ, ಸಾವು ಸಂಭವಿಸಿದೆ ಮತ್ತು ಅದಕ್ಕೆ ಆರೋಪಿಯೇ ಕಾರಣ ಎಂಬುದು ಬೇರೆ ಸಾಕ್ಷ್ಯದಿಂದ ಸಂಶಯಾತೀತವಾಗಿ ರುಜುವಾತಾದರೆ ಶಿಕ್ಷೆ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹಿಮಾಚಲ ಪ್ರದೇಶದ ರಾಮಾನಂದ್ ಪ್ರಕರಣದಲ್ಲಿ ಹೇಳಿದೆ. ರುಜುವಾತಿನ ಹೊರೆ ಆಗ ಭಾರವಾಗುತ್ತದೆ, ಬಾಗಿಲು ಮುಚ್ಚುವುದಿಲ್ಲ.

ಮಂಪರು ಪರೀಕ್ಷೆಯ ಬೇಡಿಕೆಗೆ ಇರುವ ಉತ್ತರ, ನಮ್ಮ ಕರ್ನಾಟಕದ ಹೆಸರಿರುವ ತೀರ್ಪಿನಲ್ಲೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಸಮ್ಮತಿಯಿಲ್ಲದೆ ಮಂಪರು, ಸುಳ್ಳು ಪತ್ತೆ ಅಥವಾ ಮೆದುಳಿನ ನಕ್ಷೆಯ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಸಮ್ಮತಿ ಇದ್ದರೂ ಪರೀಕ್ಷೆಯಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ. ಅದರ ಜಾಡು ಹಿಡಿದು ವಸ್ತುವೇನಾದರೂ ಸಿಕ್ಕರೆ ಆ ಮಟ್ಟಿಗೆ ಉಪಯೋಗ. ‘ನಿರಪರಾಧಿಯಾದರೆ ಒಪ್ಪಿಕೊಳ್ಳಲಿ’ ಎಂಬ ಸವಾಲು ಕೇಳಲು ಚೆನ್ನ, ಆದರೆ ನಿರಾಕರಣೆಯನ್ನು ತಪ್ಪಿತಸ್ಥನ ಗುರುತೆಂದು ಓದುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು ಸಂವಿಧಾನದ 20ನೇ ವಿಧಿಯಲ್ಲಿದೆ.

ಏಳು ವರ್ಷದ ನಿಯಮವೂ ಹಾಗೆಯೇ ತಿರುಚಿಕೊಂಡಿದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು ಎನ್ನುತ್ತದೆ ಈಗಿನ ಅಧಿನಿಯಮದ 111ನೇ ಕಲಂ. ವಿಮೆ, ಪಿಂಚಣಿ, ಆಸ್ತಿಯ ಹಕ್ಕಿನಂಥ ಸಂದರ್ಭಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಸಾವು ಯಾವ ದಿನ ಸಂಭವಿಸಿತು ಎಂಬುದನ್ನು ಈ ಕಲಂ ಊಹಿಸಿಕೊಡುವುದಿಲ್ಲವೆಂದು ಜೀವ ವಿಮಾ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿತು. ಯಾರು ಕೊಂದರು ಎಂಬ ಪ್ರಶ್ನೆಗಂತೂ ಅದಕ್ಕೂ ಸಂಬಂಧವೇ ಇಲ್ಲ. ‘ಏಳು ವರ್ಷ ಕಳೆದರೆ ಕೇಸು ಮುಗಿಯುತ್ತದೆ’ ಎಂದು ಹೇಳುವವರು ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ. ಕೊಲೆಯ ತನಿಖೆಗೆ ಕಾಲಮಿತಿ ಇಲ್ಲ.

ಹೇಬಿಯಸ್ ಕಾರ್ಪಸ್ ಅರ್ಜಿಯ ಬಗ್ಗೆ ಇಷ್ಟು ಸಾಕು: ಅಕ್ರಮ ಬಂಧನದ ಶಂಕೆಯಿದ್ದಾಗ ಹೈಕೋರ್ಟ್ ವ್ಯಕ್ತಿಯನ್ನು ಹಾಜರುಪಡಿಸಲು ಆದೇಶಿಸುತ್ತದೆ, ಹಾಜರಾದ ವಯಸ್ಕರು ತಮ್ಮಿಚ್ಛೆಯಿಂದಲೇ ಹೋಗಿದ್ದೇವೆ ಎಂದರೆ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಅವರು ಎಲ್ಲಿದ್ದಾರೆ ಎಂದು ಊರಿಗೆ ತಿಳಿಸುವ ಹೊಣೆ ನ್ಯಾಯಾಲಯಕ್ಕಿಲ್ಲ.

ಪತ್ರವೊಂದು ಕೈಸೇರಿದಾಗ

ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು 2019ರ ಜುಲೈ 29ರ ಸಂಜೆ ಮಂಗಳೂರಿನ ಬಳಿಯ ನೇತ್ರಾವತಿ ಸೇತುವೆಯಿಂದ ಕಾಣೆಯಾದರು. 31ರ ಬೆಳಿಗ್ಗೆ ಅವರ ಪಾರ್ಥಿವ ಶರೀರ ಹೊಯಿಗೆಬಜಾರ್ ಬಳಿ ಸಿಕ್ಕಿತು. ಈ ನಡುವೆ ಅವರ ಹೆಸರಿನ ಪತ್ರವೊಂದು ಹೊರಬಂದು, ಅದರಲ್ಲಿ ಸಾಲದ ಒತ್ತಡ ಮತ್ತು ಆದಾಯ ತೆರಿಗೆ ಅಧಿಕಾರಿಯೊಬ್ಬರ ಕಿರುಕುಳದ ಪ್ರಸ್ತಾಪವಿದೆ ಎಂಬ ಸುದ್ದಿಯಾಯಿತು. ಪತ್ರದಲ್ಲಿರುವ ಸಹಿ ತಮ್ಮ ದಾಖಲೆಯಲ್ಲಿರುವುದಕ್ಕೆ ಹೊಂದುವುದಿಲ್ಲ ಎಂದು ಇಲಾಖೆ ಹೇಳಿತು. ಜನ ಎರಡು ಬಣವಾದರು. ಆ ಬಣಗಳ ಜಗಳವನ್ನು ಇಲ್ಲಿ ತೀರಿಸುವುದು ನನ್ನ ಕೆಲಸವಲ್ಲ. ಇಂಥ ಪತ್ರ ಎದುರಾದಾಗ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ತೋರಿಸಲು ಅದನ್ನು ನೆನೆದೆ. ಪತ್ರ ಅವರದೇ ಎಂಬುದು ಒಂದು ಪ್ರಶ್ನೆ, ಅದಕ್ಕೆ ಕೈಬರಹ ಮತ್ತು ಸಹಿ ತಜ್ಞರ ವರದಿ ಬೇಕು. ಅದರಲ್ಲಿ ಬರೆದದ್ದು ನಿಜ ಎಂಬುದು ಇನ್ನೊಂದು, ಅದಕ್ಕೆ ಹೆಸರಿಸಲ್ಪಟ್ಟವರ ಕಡತ, ಪತ್ರವ್ಯವಹಾರ ಬೇಕು. ನಿಜವೇ ಆದರೂ ಅದು ಅಪರಾಧ ಎಂಬುದು ಮೂರನೆಯದು. ಆತ್ಮಹತ್ಯೆಗೆ ಪ್ರಚೋದನೆ ಎನ್ನಬೇಕಾದರೆ ಪ್ರಚೋದಿಸಿದ ಅಥವಾ ಬೇಕೆಂದೇ ನೆರವಾದ ಕೃತ್ಯ ಕಾಣಬೇಕು. ಸಾಲ ಕೊಟ್ಟವರ ತಗಾದೆ, ಇಲಾಖೆಯ ಜಪ್ತಿ ಎಷ್ಟೇ ಕಠಿಣವಾಗಿದ್ದರೂ ತಾವಾಗಿಯೇ ಆ ಮಟ್ಟಕ್ಕೆ ಏರುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಬರುವ ಮೊದಲೇ ಮೂರನೆಯದಕ್ಕೆ ತೀರ್ಪು ಕೊಡುವುದರಿಂದ ಬದುಕುಳಿದ ಕುಟುಂಬದವರಿಗೆ ಆಗುವ ನೋವನ್ನು ಯಾವ ನ್ಯಾಯಾಲಯವೂ ಸರಿಪಡಿಸಲಾರದು.

ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ 2023ರ ಜನವರಿಯಲ್ಲಿ ನದಿಯ ದಂಡೆಯಲ್ಲಿ ನಾಯಿಯೊಂದಿಗೆ ನಡೆಯುತ್ತಿದ್ದ ತಾಯಿಯೊಬ್ಬರು ಕಾಣೆಯಾದಾಗ ನಡೆದದ್ದು ಇದಕ್ಕಿಂತ ಅತಿಯಾಗಿತ್ತು. ನದಿಗೆ ಬಿದ್ದಿರಬೇಕೆಂಬ ಪೊಲೀಸರ ಅಂದಾಜನ್ನು ಒಪ್ಪದ ಜನ ಫೋನು ಹಿಡಿದುಕೊಂಡು ಆ ಹಳ್ಳಿಗೇ ಬಂದಿಳಿದರು, ಅವರನ್ನು ಚದುರಿಸಲು ಆದೇಶ ಹೊರಡಿಸಬೇಕಾಯಿತು. ವದಂತಿಗೆ ಉತ್ತರ ಕೊಡಲು ಹೋಗಿ ಪೊಲೀಸರೇ ಆಕೆಯ ಆರೋಗ್ಯದ ಖಾಸಗಿ ವಿವರವನ್ನು ಬಹಿರಂಗಪಡಿಸಿ ಟೀಕೆಗೆ ಗುರಿಯಾದರು. ಫೆಬ್ರವರಿ 19ರಂದು ಅದೇ ನದಿಯಲ್ಲಿ ದೇಹ ಸಿಕ್ಕಿತು. ಜೂನ್‌ನಲ್ಲಿ ಸಾವಿನ ಕಾರಣ ವಿಚಾರಿಸುವ ಅಧಿಕಾರಿಯಾದ ಕೊರೋನರ್ ಅದು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ತೀರ್ಮಾನಿಸಿದರು.

ಬರೆಯುವ, ಹಂಚುವ ಮೊದಲು

ಇಷ್ಟಾದರೂ ನಿಮಗೆ ಏನಾದರೂ ಹೇಳಬೇಕೆನಿಸಿದರೆ ಹೇಳಬಹುದು. ತನಿಖೆ ನಿಧಾನವಾಗಿದೆ, ಸಿಸಿಟಿವಿ ದೃಶ್ಯವನ್ನು ಸಕಾಲದಲ್ಲಿ ವಶಪಡಿಸಿಕೊಂಡಿಲ್ಲ, ನ್ಯಾಯಾಲಯದ ಆದೇಶ ಪಾಲನೆಯಾಗಿಲ್ಲ ಎಂಬುದೆಲ್ಲ ನ್ಯಾಯಯುತ ಟೀಕೆ. ಹೆಸರಿಟ್ಟು ಇಂಥವರೇ ಮಾಡಿದ್ದು ಎಂದರೆ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ಎದುರಾಗಬಹುದು. ಸತ್ತವರ ಮೇಲಿನ ಮಾತೂ ಅವರ ಹತ್ತಿರದವರ ಮನ ನೋಯಿಸುವ ಉದ್ದೇಶದ್ದಾದರೆ ಅದರೊಳಗೆ ಬರುತ್ತದೆ. ‘ಆರೋಪಿಸಲಾಗಿದೆ’, ‘ಎನ್ನಲಾಗಿದೆ’ ಎಂದು ಬಾಲ ಹಚ್ಚಿದ ಮಾತ್ರಕ್ಕೆ ರಕ್ಷಣೆ ಸಿಗುತ್ತದೆ ಎಂದು ನಂಬಬೇಡಿ. ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ತಿಳಿಯುವಂಥ ವಿವರವನ್ನು 72ನೇ ಕಲಂ, ಮಕ್ಕಳದಾದರೆ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ನಿಷೇಧಿಸುತ್ತವೆ. ಕಾಣೆಯಾದ ಹುಡುಗಿಯ ಫೋಟೊ ಹುಡುಕಾಟದ ಮೊದಲ ದಿನ ಊರೆಲ್ಲ ಹಂಚಿಕೆಯಾಗಿದ್ದರೂ, ಪ್ರಕರಣಕ್ಕೆ ಅಂಥ ಕಲಂ ಸೇರಿದ ದಿನ ನಿಮ್ಮ ಫೇಸ್‌ಬುಕ್ ಗೋಡೆಯಿಂದ ಅದನ್ನು ತೆಗೆಯಬೇಕು.

ನಿಜವಾಗಿ ಕಂಡದ್ದು, ಕೇಳಿದ್ದು ಏನಾದರೂ ಇದ್ದರೆ ಅದು ಸೇರಬೇಕಾದ ಜಾಗ ತನಿಖಾಧಿಕಾರಿಯ ಮೇಜು. ದೃಶ್ಯ ಅಥವಾ ಧ್ವನಿಮುದ್ರಣ ನಿಮ್ಮ ಫೋನಿನಲ್ಲಿದ್ದರೆ ಅದನ್ನು ಕತ್ತರಿಸಬೇಡಿ, ಮೇಲೆ ಬರಹ ಹಾಕಬೇಡಿ, ಮೂಲ ಫೋನನ್ನು ಮಾರಬೇಡಿ. ವಿದ್ಯುನ್ಮಾನ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಪ್ರತಿಗೆ ಅದನ್ನು ಕೊಡುವವರು ಸಿಗುವುದಿಲ್ಲ. ಕಂಡ ದಿನ, ಹೊತ್ತು, ಜಾಗವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಠಾಣೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ ಅಥವಾ ಹಿಂಬರಹ ಕೇಳಿ ಪಡೆಯಿರಿ. ಅಪರಾಧದ ಬಗ್ಗೆಯೇ ನೀವು ದೂರು ಕೊಡುತ್ತಿದ್ದು ಠಾಣಾಧಿಕಾರಿ ಅದನ್ನು ಸ್ವೀಕರಿಸದಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ನಾಲ್ಕನೇ ಉಪಕಲಂ ಪ್ರಕಾರ ಅದನ್ನೇ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅಂಚೆ ಕಚೇರಿಯ ರಸೀದಿಯನ್ನು ಆ ಅರ್ಜಿಗೆ ಲಗತ್ತಿಸಲು ಎತ್ತಿಟ್ಟುಕೊಳ್ಳಿ.